ಮೊದಲನೇ ಪಿನ್ ಯಾವ ಕಡೆ

೨೦೦೩ನೇ ಇಸವಿ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಕನೆಕ್ಟರ್‌ಗಳ ನಕ್ಷೆ ತೆಗೆಯುವುದು ನನ್ನ ಕೆಲಸ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಮೋಲ್ಡಿಂಗ್ ಯಂತ್ರಕ್ಕೆ ಪ್ಲಾಸ್ಟಿಕ್ ಕಾಳು ಸುರಿಯಲು ಸೇರಿದ್ದೆ. ಅಳತೆ ತಪ್ಪುವುದಿಲ್ಲ ಅಂತ ಮಾಲಕರು ಪೆನ್ಸಿಲ್ ಕೊಟ್ಟರು. ಅಷ್ಟೇ.

ಕನೆಕ್ಟರ್ ಅಂದರೆ ದೊಡ್ಡ ವಿಷಯವೇನಲ್ಲ. ಟಿವಿಯ ಹಿಂಬದಿ ಬಿಚ್ಚಿದರೆ ಹಸಿರು ಹಲಗೆ ಕಾಣುತ್ತದೆ, ಅದು ಸರ್ಕಿಟ್ ಬೋರ್ಡ್. ಅದರ ಅಂಚಿಗೆ ಬೆಸುಗೆ ಹಾಕಿ ಕೂರಿಸಿದ ಬಿಳಿ ಡಬ್ಬಿಯೊಳಗೆ ಪಿನ್ನುಗಳು ನಿಂತಿರುತ್ತವೆ. ವೈರಿನ ತುದಿಯ ಇನ್ನೊಂದು ಡಬ್ಬಿ ಅದರೊಳಗೆ ಹೋಗಿ ಕೂರುತ್ತದೆ. ಕೂರುವುದು ಸುಲಭ, ತಪ್ಪಾಗಿ ಕೂರದಂತೆ ಮಾಡುವುದೇ ಕೆಲಸ. ಅದಕ್ಕೆ ಬೋರ್ಡಿನ ಡಬ್ಬಿಯ ಒಂದು ತುದಿಗೆ ಖಾಚ ಇಡುತ್ತೇವೆ. ಖಾಚ ಅಂದರೆ ಗೋಡೆಯಲ್ಲಿ ಒಂದು ಸೀಳು. ವೈರಿನ ಡಬ್ಬಿಯ ಮೇಲೆ ಉಬ್ಬಿದ ಏಣು ಆ ಸೀಳಿಗೆ ಸಿಕ್ಕರೆ ಮಾತ್ರ ಒಳಗೆ ಹೋಗುತ್ತದೆ.

ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಮಾಡುವವರು ನಮಗೆ ನಾಲ್ಕು ಪಿನ್ನಿನ ಕನೆಕ್ಟರ್ ಕೇಳಿದ್ದರು. ಅವರ ಹಳೇ ತಕ್ಕಡಿಗಳಿಗೆ ಹೊಸ ಬೋರ್ಡ್ ಹಾಕಬೇಕು, ಒಳಗಿನ ವೈರು ಹಳೆಯದೇ ಇರಬೇಕು. ಪಿನ್ನಿಂದ ಪಿನ್ನಿಗೆ ಎರಡೂವರೆ ಮಿಲಿಮೀಟರ್. ನಕ್ಷೆ ತೆಗೆದು ಬಸವಕಲ್ಯಾಣದ ಉಸ್ತಾದರಿಗೆ ಕೊಟ್ಟೆ. ನಮ್ಮ ಡೈಗಳನ್ನೆಲ್ಲ ಕೊರೆಯುತ್ತಿದ್ದವರು ಅವರೇ. ಡೈ ಅಂದರೆ ಕರಗಿದ ಪ್ಲಾಸ್ಟಿಕ್ ಹೋಗಿ ಆಕಾರ ತಾಳುವ ಉಕ್ಕಿನ ಅಚ್ಚು. ಅವರ ಅಂಗಡಿ ನಡೆಯುತ್ತಿದ್ದದ್ದೇ ನಮ್ಮ ಕೆಲಸದಿಂದ. ಬೇರೆ ಗಿರಾಕಿ ಇರಲಿಲ್ಲ.

ಅರ್ಧ ಕೊರೆದಾಗ ಹೈದರಾಬಾದಿನಿಂದ ಫೋನ್ ಬಂತು. ಖಾಚ ಹೇಳುವುದು ಮರೆತಿದ್ದರಂತೆ, ಮೊದಲನೇ ಪಿನ್ನಿನ ಕಡೆ ಇರಲಿ ಅಂದರು.

ಮಾಲಕರು ನನ್ನನ್ನು ಕರೆದರು. "ಸಂಗಪ್ಪ, ಹೊಸಾ ನಕ್ಷಾ ತಗೀತ ಕೂಡಬ್ಯಾಡ. ಬಸ್ ಹತ್ತು, ಬಾಯಿಲೇ ಹೇಳಿ ಬಾ."

ನಾವು ಮಾಡುತ್ತಿದ್ದದ್ದೇ ಹಾಗೆ. ಸಣ್ಣ ಬದಲಾವಣೆ ಬಾಯಲ್ಲೇ ಮುಗಿಯುತ್ತಿತ್ತು.

ಉಸ್ತಾದರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಉಕ್ಕಿನ ಮೇಲೆ ಬಗ್ಗಿದ್ದರು.

"ಬಾ ಬೇಟಾ. ಇದು ಡೈ ಅಲ್ಲ, ಇರಿವಿಗಿ ಮನಿ ಕಟ್ಟಾಕತ್ತೇನಿ. ಬಾಕಿ ಏನರೆ ಅದ ಏನು?"

"ಒಂದು ಖಾಚ ಬೇಕಂತ್ರಿ ಉಸ್ತಾದ್. ಮೊದಲ್ನೇ ಪಿನ್ ಕಡಿ."

"ಪೈಲಾ ಪಿನ್ ಕಡಿ?"

"ಹೌದ್ರಿ."

"ಇರಿವಿ ಮನಿಗಿ ಕಿಡಕಿ ಇಟ್ಟಂಗ ಆಯ್ತು. ಇಡ್ತೇನಿ ಹೋಗು."

ಚಹಾ ಕುಡಿದು ಬಂದೆ. ಇಬ್ಬರಿಗೂ ಮಾತು ಅರ್ಥವಾಗಿತ್ತು.

ಡೈ ಬಂತು. ಜೋಡಿಸಿ ನೋಡಲು ಬೇಕಾದ ವೈರಿನ ಡಬ್ಬಿಯ ಡೈಯನ್ನೂ ಉಸ್ತಾದರೇ ಕೊರೆದಿದ್ದರು. ಎರಡರಿಂದಲೂ ಒಂದೊಂದು ಡಬ್ಬಿ ತೆಗೆದು ಸೇರಿಸಿ ನೋಡಿದೆವು, ಟಕ್ ಅಂತ ಕೂತಿತು. ಮಾಲಕರು ಖುಷಿಯಾದರು. ಉಸ್ತಾದರು ಡೈ ವಾಪಸ್ ಒಯ್ದು ಕಾಸಿ ಗಟ್ಟಿ ಮಾಡಿಸಿ ಕಳಿಸಿದರು. ನಾವು ಮಾಲು ತೆಗೆದು ಕಳಿಸಿದೆವು. ಹೈದರಾಬಾದಿನವರು ಬೋರ್ಡಿಗೆ ಬೆಸುಗೆ ಹಾಕಿಸಿಕೊಂಡರು.

ಆಮೇಲೆ ಅವರ ಎಂಜಿನಿಯರ್ ಒಂದು ತಕ್ಕಡಿ, ಒಂದು ರಟ್ಟಿನ ಪೆಟ್ಟಿಗೆ ತುಂಬ ಬೋರ್ಡು ಹಿಡಿದುಕೊಂಡು ಹುಮನಾಬಾದಿಗೇ ಬಂದ. ತಕ್ಕಡಿಯ ಹಳೇ ವೈರು ತೆಗೆದು ಹೊಸ ಬೋರ್ಡಿಗೆ ಸಿಕ್ಕಿಸಿದ. ಅದು ತಲೆಕೆಳಗಾಗಿ ಹೋಯಿತು, ಆದರೆ ಸರಾಗವಾಗಿ ಹೋಯಿತು. ಸ್ವಿಚ್ ಒತ್ತಿದ. ಬೋರ್ಡಿನಿಂದ ಹೊಗೆ ಎದ್ದಿತು.

"ಖಾಚ ಉಲ್ಟಾ ಕಡಿ ಅದ," ಅಂದ. "ತಪ್ಪು ಹಚ್ಚಬಾರದು ಅಂತ ಇಡೋ ಖಾಚ ತಪ್ಪೇ ಹಚ್ಚಸ್ತದ."

ಮಾಲಕರು ನನ್ನ ಮುಖ ನೋಡಿದರು. ನಾನು ಡಬ್ಬಿಯ ಮುಖ ನೋಡಿದೆ. ಎಡಗಡೆ ಇರಬೇಕಾದ ಖಾಚ ಬಲಗಡೆ ಇತ್ತು. ನಮ್ಮ ಎರಡು ಡಬ್ಬಿಗಳೂ ಒಂದೇ ಕೈಯವು, ಅದಕ್ಕೇ ಒಂದಕ್ಕೊಂದು ಕೂತಿದ್ದವು.

ಮಾಡುವುದನ್ನೆಲ್ಲ ಮಾಡಿ ನೋಡಿದೆ. ಕನೆಕ್ಟರ್ ಕಿತ್ತು ತಿರುಗಿಸಿ ಹಾಕೋಣವೆಂದರೆ ಅದು ಅಡ್ಡ ಮಲಗುವ ಜಾತಿಯದು. ತಿರುಗಿಸಿದರೆ ಬಾಯಿ ಬೋರ್ಡಿನ ಒಳಗಡೆ ಹೋಗುತ್ತದೆ, ವೈರು ಹಾಕಲು ಜಾಗವಿಲ್ಲ. ಎಡಗಡೆ ಇನ್ನೊಂದು ಖಾಚ ಕೊಯ್ದರೆ ಎರಡೂ ಕಡೆಯಿಂದ ಹೋಗುತ್ತದೆ, ಅದು ಇನ್ನೂ ಅಪಾಯ. ಬಲಗಡೆಯದನ್ನು ಮುಚ್ಚಬೇಕೆಂದು ಅಂಗಡಿಯಲ್ಲಿ ಸಿಕ್ಕ ಅಂಟನ್ನೆಲ್ಲ ತಂದು ಹಚ್ಚಿದೆ. ಡಬ್ಬಿಯ ನೈಲಾನು ಯಾವುದನ್ನೂ ಹಿಡಿಯಲಿಲ್ಲ. ಅಂಟು ಉಗುರಿಗೆ ಸಿಪ್ಪೆಯಂತೆ ಎದ್ದು ಬಂತು.

ಡೈ ಹೊತ್ತುಕೊಂಡು ಬಸವಕಲ್ಯಾಣಕ್ಕೆ ಹೋದೆ. ಉಸ್ತಾದರ ಮುಂದಿಟ್ಟೆ.

"ಉಸ್ತಾದ್, ಮೊದಲ್ನೇ ಪಿನ್ ಯಾವ್ದು? ಬೊಟ್ಟಿಟ್ಟು ತೋರಸ್ರಿ."

ಅವರು ಹಿಂದೆಮುಂದೆ ನೋಡದೆ ಬಲತುದಿಯ ಮೇಲೆ ಬೆರಳಿಟ್ಟರು. "ಇದು. ಯಾಕ?"

ನಾನು ಎಡತುದಿಯ ಮೇಲೆ ಬೆರಳಿಟ್ಟೆ. "ಕಂಪನಿದವರ್ದು ಇದು. ನಂದೂ ಇದೇ."

ಅವರು ನನ್ನ ಬೆರಳು, ತಮ್ಮ ಬೆರಳು ನೋಡಿದರು. ಉರ್ದು ಶಾಲೆಯಲ್ಲಿ ನಾಲ್ಕನೇ ತನಕ ಓದಿದವರು. ಅವರ ಸಾಲು ಬಲಗಡೆಯಿಂದ ಶುರುವಾಗುತ್ತದೆ. ಕನ್ನಡ ಶಾಲೆಯಲ್ಲಿ ನನ್ನ ಸಾಲು ಎಡಗಡೆಯಿಂದ ಶುರುವಾಗಿತ್ತು. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದೆವು. ನಕ್ಷೆಯಲ್ಲಿ ಕಣ್ಣಿಗೆ ಕಾಣುತ್ತಿದ್ದುದರಿಂದ ಕೇಳುವ ಪ್ರಸಂಗವೇ ಬಂದಿರಲಿಲ್ಲ.

"ಯಾ ಅಲ್ಲಾ," ಅಂದರು. "ಪೈಲಾ ಅಂದ್ರ ಪೈಲಾನೇ ಅಲ್ಲೇನು ಬೇಟಾ?"

"ಸರಿ ಮಾಡ್ಲಿಕ್ಕಿ ಬರ್ತದೇನ್ರಿ?"

ಅರದಿಂದ ಉಕ್ಕನ್ನು ಉಜ್ಜಿ ತೋರಿಸಿದರು. ಗೀರೂ ಬೀಳಲಿಲ್ಲ. "ಕಾಸಿದ ಮ್ಯಾಲ ನನ್ನ ಮಶೀನಿಗಿ ಹಲ್ಲು ಹತ್ತಲ್ಲ. ಹೊಸಾದು ಮಾಡ್ತೇನಿ ಅಂತ ಹೇಳು. ಹಗಲು ರಾತ್ರಿ ಕೂಡ್ತೇನಿ."

ವಾಪಸ್ ಬಂದು ಮಾಲಕರಿಗೆ ಹೇಳಿದೆ.

"ಎಡಾ ಬಲಾ ಗೊತ್ತಿಲ್ದವರ ಕೈಯಾಗ ಕೆಲಸ ಕೊಟ್ಟು ಕೂತೀವಿ," ಅಂದರು ಮಾಲಕರು.

"ಗೊತ್ತದರಿ. ಅವರ ಮೊದಲ್ನೇದು ಬ್ಯಾರೆ, ನಮ್ಮದು ಬ್ಯಾರೆ. ಬರೇ ಮಾತಿನಾಗ ಕೆಟ್ಟದ್ರಿ."

"ಹೈದ್ರಾಬಾದದವರಿಗಿ ಇದೇ ಹೇಳ್ಲೇನು? ನಮ್ಮ ಮಿಸ್ತ್ರಿ ಬಲಗಡಿಂದ ಎಣಸ್ತಾನ, ತಕ್ಕಡಿ ನೀವೇ ತಿರುವಿ ಇಟ್ಕೋರಿ ಅಂತ?"

ಮಾಲಕರೂ ಕೆಟ್ಟವರಲ್ಲ. ಮುಂದಿನ ಡೈಗಳು ಪುಣೆಯಲ್ಲೇ ಆಗಬೇಕು ಅಂತ ಆ ಕಂಪನಿಯವರು ಷರತ್ತು ಹಾಕಿದ್ದರು. ಇವರು ಹೂಂ ಅಂದಿದ್ದರು. ಒಂದು ಹೋದಮೇಲೆ ಉಳಿದ ಡೈಗಳೂ ಪುಣೆಗೇ ಹೋದವು.

ಉಸ್ತಾದರಿಗೆ ಮತ್ತೆ ಕೆಲಸ ಕೊಡಿ ಅಂತ ನಾಲ್ಕು ಸಲ ಮಾತು ತೆಗೆದೆ. ಐದನೇ ಸಲ ಮಾಲಕರು, "ನಿಂಗೂ ಪುಣೆಗಿ ಕಳಸ್ಲೇನು?" ಅಂದರು. ಸುಮ್ಮನಾದೆ. ಸುಮ್ಮನಾಗದಿದ್ದರೂ ಏನೂ ಆಗುತ್ತಿರಲಿಲ್ಲ.

ಉಸ್ತಾದರು ಈಗ ಗ್ಯಾಸ್ ಒಲೆ, ಕುಕ್ಕರ್ ರಿಪೇರಿ ಮಾಡುತ್ತಾರೆ. ಅವತ್ತು ನಾನು ಅವರಲ್ಲೇ ಬಿಟ್ಟುಬಂದ ಡೈ ಗಾಳಿಗೆ ಬಾಗಿಲು ಬಡಿಯದಂತೆ ಅವರ ಅಂಗಡಿಯ ಹೊಸ್ತಿಲಲ್ಲಿ ಕೂತಿದೆ. ಹೋದ ವರ್ಷ ಹೋಗಿದ್ದೆ. "ಎಡವೀ, ನೋಡಿ ಬಾ. ಪೈಲಾ ಪಿನ್ ಅಲ್ಲೇ ಅದ," ಅಂದರು. ನಕ್ಕರು. ನನಗೆ ನಗು ಬರಲಿಲ್ಲ.

ಈಗ ನಾನು ತೆಗೆಯುವ ಪ್ರತಿ ನಕ್ಷೆಯಲ್ಲೂ ಮೊದಲನೇ ಪಿನ್ನಿನ ಪಕ್ಕ ಒಂದು ತ್ರಿಕೋನ ಇರುತ್ತದೆ. ಅದು ಸಾಲದು ಅಂತ ಡೈ ಮಾಡುವವರ ಕೈ ಹಿಡಿದು ಬೆರಳನ್ನು ಅದರ ಮೇಲೆ ಇಡಿಸುತ್ತೇನೆ. ಪುಣೆಯವರು ನಗುತ್ತಾರೆ, ನಗಲಿ. ಮೊದಲು ಹಿಡಿಯಬೇಕಾಗಿದ್ದ ಕೈ ಕುಕ್ಕರಿನ ಸೀಟಿ ಬಿಚ್ಚುತ್ತಿದೆ.