ನಾಗವ್ವ ಕಾಯ್ದ ಜಪಾನಿ ಕೋಟೆ

ಇಂಗ್ಲಿಷರ ನಾಡಿನ ಹ್ಯಾರೋ ಊರಿನ ಒಂದು ಸಮುದಾಯ ಭವನದ ಬೀಗದಕೈ ನಾಗವ್ವನ ಬಳಿ ಇರುತ್ತಿತ್ತು. ಬಾಗಿಲು ತೆರೆಯುವುದು, ನೆಲ ಒರೆಸುವುದು, ಬಂದವರಿಗೆ ಚಹಾ ಕಾಸುವುದು, ಎಲ್ಲ ಅವಳದೇ. ಗಂಡ ಬಸವಂತಪ್ಪನ ಹಿಂದೆ ವಿಜಾಪುರದಿಂದ ಬಂದು ಹದಿನೆಂಟು ವರ್ಷವಾಗಿತ್ತು. ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಕೆಸರು ಬೂಟು ಹಾಕಿಕೊಂಡು ಒಳಗೆ ಬಂದವರಿಗೆ ಅವಳೊಮ್ಮೆ ಕಣ್ಣು ಬಿಟ್ಟರೆ ಸಾಕಾಗುತ್ತಿತ್ತು.

೧೯೯೬ರ ಒಂದು ಶನಿವಾರ ಹತ್ತು-ಹನ್ನೆರಡು ಗಂಡಸರು ಬಂದು, ಮೂರು ಮೇಜು ಕೂಡಿಸಿ, ಅದರ ಮೇಲೊಂದು ಗುಡ್ಡ ಕಟ್ಟಿದರು. ಗುಡ್ಡದ ನೆತ್ತಿಗೆ ಮರದ ಕೋಟೆ. ಕೆಳಗೆ ಹೆಬ್ಬೆರಳಿನಷ್ಟೆತ್ತರದ ನೂರಾರು ಸೈನಿಕರು, ಬೆನ್ನಿಗೆಲ್ಲ ಬಾವುಟ. ತಲೆ ನರೆತವರೆಲ್ಲ ದಾಳ ಉರುಳಿಸುತ್ತ ಯುದ್ಧಕ್ಕಿಳಿದದ್ದನ್ನು ಕಂಡು ಅವಳು ಚಹಾದ ಟ್ರೇ ಹಿಡಿದು ನಿಂತಲ್ಲೇ ನಿಂತಳು.

ಆಟದ ತೀರ್ಪುಗಾರರು ಮೈಸೂರಿನ ನರಸಿಂಹಮೂರ್ತಿ, ಅಕ್ಸ್‌ಬ್ರಿಡ್ಜಿನ ಯಾವುದೋ ಆಫೀಸಿನಿಂದ ನಿವೃತ್ತರಾದವರು.

“ಇದು ಹಳೇ ಕಾಲದ ಜಪಾನು, ನಾಗಮ್ಮನೋರೇ. ಮೇಲಿರೋದು ಸಣ್ಣ ಮನೆತನ, ಕೆಳಗೆ ಮುತ್ತಿಗೆ ಹಾಕಿರೋದು ದೊಡ್ಡದು. ತಲೆಮಾರಿನ ಹಗೆ.”

“ಅದೆಲ್ಲಾ ಖರೆ. ನೀರೆಲ್ಲೈತ್ರಿ?”

“ಯಾವ ನೀರು?”

“ಕೋಟ್ಯಾಗಿದ್ದೋರು ಕುಡಿಯೋ ನೀರ್ರಿ. ಬಾವಿ ಇಲ್ಲ, ಹೊಂಡ ಇಲ್ಲ. ಕೆಳಗಿನೋರು ಬಾಣ ಯಾಕ ಬಿಡಬೇಕು? ಎಂಟ್ ದಿನ ಸುಮ್ಮನ ಕುಂತರ ಮ್ಯಾಲಿನೋರು ಗಂಟಲ ಒಣಗಿ ತಾವ ಬಾಗಲಾ ತಗೀತಾರ.”

ಮೂರ್ತಿಯವರು ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ದಾಳ ಹಿಡಿದ ಕೈಗಳೆಲ್ಲ ನಿಂತವು. ನಾಗವ್ವನ ಅಪ್ಪ ವಿಜಾಪುರದ ಕೋಟೆಯಲ್ಲಿ ಕಾವಲುಗಾರ. ಅವಳ ಬಾಲ್ಯವೆಲ್ಲ ಬಾವಡಿಯೆಂಬ ಮೆಟ್ಟಿಲುಬಾವಿಯಿಂದ ಕೊಡ ಹೊರುವುದರಲ್ಲೇ ಕಳೆದಿತ್ತು. ಅವಳ ಪಾಲಿಗೆ ಕೋಟೆಯೆಂದರೆ ಮೊದಲು ನೀರು, ಆಮೇಲೆ ಕಲ್ಲು.

ಮುಂದಿನ ಶನಿವಾರ ಗುಡ್ಡದ ಮೇಲೆ ಬಾವಿ ಬಂದಿತ್ತು, ಮೇಜಿನ ಪಕ್ಕ ಅವಳಿಗೊಂದು ಕುರ್ಚಿಯೂ ಬಂದಿತ್ತು.

ಬಸವಂತಪ್ಪ ಮೂಗು ಮುರಿದ. “ಗೊಂಬಿ ಆಡೋ ವಯಸ್ಸೇನ ನಿಂದು? ಮಂದಿ ಏನಂತಾರ?”

“ನೀವು ಟಿವಿ ಮುಂದ ಕುಂತು ಹನ್ನೊಂದ್ ಮಂದಿಗೆ ಕ್ರಿಕೆಟ್ ಕಲಸ್ತೀರಲ್ರಿ, ಅದ್ಕಿಂತ ಇದು ಬೇಸ ಐತಿ.”

ಎರಡು ವರ್ಷದಲ್ಲಿ ಅವಳ ಕೈ ಪಳಗಿತು. ೧೯೯೮ರ ದೊಡ್ಡ ಪಂದ್ಯದಲ್ಲಿ ಎದುರಾದವನು ಕೀತ್, ಹಲ್ಲಿನ ಡಾಕ್ಟರು, ಮೂರು ವರ್ಷ ಸೋಲನ್ನೇ ಕಾಣದವನು. ಕೋಟೆ ನಾಗವ್ವನದು, ಮುತ್ತಿಗೆ ಅವನದು. ಮಧ್ಯಾಹ್ನದ ಹೊತ್ತಿಗೆ ಹೊರಗೋಡೆ ಬಿತ್ತು. ಅವಳ ಕಡೆ ಉಳಿದದ್ದು ಮೂವತ್ತೇ ಸೈನಿಕರು. ಅವಳು ತನ್ನ ಮುಂದಿನ ನಡೆಯನ್ನು ಗುಟ್ಟಾಗಿ ಚೀಟಿಯಲ್ಲಿ ನಾಲ್ಕು ಸಾಲು ಗೀಚಿ ಮೂರ್ತಿಯವರ ಕೈಗಿಟ್ಟಳು. ಅವರು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಗುಡ್ಡದ ಬುಡದಲ್ಲಿ ಹತ್ತು ಬಿಲ್ಲುಗಾರರನ್ನು ನಿಲ್ಲಿಸಿ, “ಬೆಳಗಿನ ಮಂಜಿನಲ್ಲಿ ಇಷ್ಟು ಕಾಣುತ್ತಿದೆ” ಎಂದು ಸಾರಿದರು.

ಕೀತ್ ಕೈ ಉಜ್ಜಿಕೊಂಡ. ಬಾಣಗಳನ್ನೆಲ್ಲ ಅವರ ಮೇಲೆ ಸುರಿದ, ತನ್ನ ಆಯ್ದ ಪಡೆಯನ್ನೂ ಅಲ್ಲಿಗೇ ನುಗ್ಗಿಸಿದ.

“ಅವು ಮನುಷ್ಯರಲ್ಲ. ಹುಲ್ಲು ತುಂಬಿದ ಬೆದರುಬೊಂಬೆಗಳು,” ಎಂದರು ಮೂರ್ತಿಯವರು. “ಈಗ ಮೇಲಿನಿಂದ ಬಂಡೆಗಳು ಉರುಳುತ್ತಿವೆ.” ನಾಗವ್ವ ದಾಳ ಹಾಕಿದಳು. ಆರು! ಮತ್ತೆ ಹಾಕಿದಳು. ಮತ್ತೆ ಆರು! ಕೀತನ ಪಡೆಯ ಅರ್ಧಭಾಗವನ್ನು ಮೇಜಿನಿಂದ ಎತ್ತಿಡಬೇಕಾಯಿತು.

“ಇದು ಯಾವ ನಿಯಮ?” ಎಂದು ಅವನು ಎಗರಾಡಿದ.

ಮೂರ್ತಿಯವರು ಶಾಂತವಾಗಿ ಹೇಳಿದರು: ೧೩೩೩ರಲ್ಲಿ ಚಿಹಾಯಾ ಎಂಬ ಗುಡ್ಡದ ಕೋಟೆ ಕಾಯ್ದವರು ಇದನ್ನೇ ಮಾಡಿದ್ದರಂತೆ, ಮುತ್ತಿದವರು ಹೀಗೇ ಮೋಸಹೋದರಂತೆ. ಆಮೇಲೆ ನಾಗವ್ವನತ್ತ ತಿರುಗಿ, “ನಿಮಗಿದು ಯಾರು ಹೇಳಿದ್ರು?” ಎಂದರು.

“ಯಾರ್ ಹೇಳಬೇಕ್ರಿ? ನಮ್ಮ ಜ್ವಾಳದ ಹೊಲದಾಗ ಗುಬ್ಬಿ ಹಿಂಗ ಹೆದರ್ತಾವು. ನಾ ಬರೇ ಉಲ್ಟಾ ಮಾಡ್ದೆ. ಓಡಸೋ ಬದಲಿ ಕರದೆ.”

ಮೂರ್ತಿಯವರಿಂದ ಇದನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡ ಕೀತ್ ಒಂದು ಗಳಿಗೆ ಮುಖ ಊದಿಸಿಕೊಂಡಿದ್ದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. ಕೋಟೆ ಕೊನೆಗೂ ಅವನ ಕೈಗೆ ಸಿಗಲಿಲ್ಲ, ಅಂದಿನ ಚಹಾ ಅವನೇ ಮಾಡಿ ತಂದುಕೊಟ್ಟ. ಅದು ನೀರುನೀರಾಗಿತ್ತು, ಆದರೂ ನಾಗವ್ವ ಕೊನೆಯ ಗುಟುಕಿನವರೆಗೂ ಕುಡಿದಳು.

ಮುಂದೆ ಅವಳು ಗೆದ್ದಷ್ಟೇ ಸಲ ಸೋತಳು. ಮರು ತಿಂಗಳೇ ಅವಳ ಕೋಟೆ ಬೆಂಕಿಗೆ ಆಹುತಿಯಾಯಿತು. ಸೋತ ದಿನ ಮನೆಯಲ್ಲಿ ಪಲ್ಯಕ್ಕೆ ಖಾರ ಹೆಚ್ಚಾಗುತ್ತಿತ್ತು. ಖಾರ ತಿಂದು ತಿಂದು ಸಾಕಾಗಿಯೋ ಏನೋ, ೨೦೦೧ರ ಚಳಿಗಾಲದಲ್ಲಿ ಬಸವಂತಪ್ಪ ತಾನೇ ಒಂದು ಸಣ್ಣ ಕುಂಚ ಕೊಂಡುತಂದ. ಅಡುಗೆಮನೆಯ ಮೇಜಿಗೆ ಪೇಪರು ಹಾಸಿ, ಹೆಂಡತಿಯ ಸೈನಿಕರ ಬಾವುಟಗಳಿಗೆ ಒಂದೊಂದಾಗಿ ಬಣ್ಣ ಹಚ್ಚತೊಡಗಿದ.