ಇಣುಕಿ ನೋಡದ ಚಿಕ್ಕಮ್ಮ

ಬೀದಿದೀಪಗಳು ಇನ್ನೂ ಆರಿಲ್ಲ. ಇಸ್ತ್ರಿ ಅಂಗಡಿಯ ಶಟರನ್ನು ಅರ್ಧ ಎತ್ತಿ, ಬೆನ್ನು ಬಗ್ಗಿಸಿ ಒಳನುಗ್ಗುವ ಚಿಕ್ಕಮ್ಮ ಮೊದಲು ಇಸ್ತ್ರಿ ಪೆಟ್ಟಿಗೆಯ ಹತ್ತಿರ ಹೋಗುವುದಿಲ್ಲ. ಒಳಗೋಡೆಯಲ್ಲಿ ತಲೆಗಿಂತ ಎತ್ತರಕ್ಕೆ ಒಂದು ಹಲಗೆ ಇದೆ. ಅದರ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಡಬ್ಬಿಯೊಂದು ಕೂತಿದೆ. ತುದಿಗಾಲಲ್ಲಿ ನಿಂತು ಅದರ ಮೇಲೆ ಅಂಗೈ ಇಡುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಬೆಚ್ಚಗಿದೆ, ಸುಡುತ್ತಿಲ್ಲ. "ಚೆನ್ನಾಗಿದ್ದಾನೆ," ಎಂದು ತಮಗೆ ತಾವೇ ಹೇಳಿಕೊಂಡು, ಹಳೆ ಶರ್ಟಿನ ತುಂಡಿನಿಂದ ಅದರ ಧೂಳು ಒರೆಸಿ, ಆಮೇಲೆ ದಿನದ ಮೊದಲ ಬಟ್ಟೆಗಂಟು ಬಿಚ್ಚುತ್ತಾರೆ.

ಆ ಡಬ್ಬಿಯೇ 'ಜಗಲಿ'. ಈ ಬೀದಿಯವರು, ಪಕ್ಕದ ಬೀದಿಯವರು, ಅವರ ನೆಂಟರಿಷ್ಟರು ಸೇರಿ ಮುನ್ನೂರು ಚಿಲ್ಲರೆ ಜನ ತಮ್ಮ ತಮ್ಮ ಫೋನಿನಲ್ಲಿ ಹೊಡೆಯುವ ಹರಟೆ, ಹಾಕುವ ಫೋಟೊ, ಕಾಯುವ ಜಗಳ ಎಲ್ಲವೂ ಬಂದು ಕೂರುವುದು ಅದರೊಳಗೆ. ದೊಡ್ಡ ಕಂಪನಿಗಳು ಊರಗಲದ ಕಟ್ಟಡಗಳಲ್ಲಿ ಯಂತ್ರಗಳ ಸಾಲು ಹೂಡಿ ನಡೆಸುವ ಸೋಷಿಯಲ್ ಮೀಡಿಯಾ ವ್ಯವಹಾರವನ್ನು ಇಲ್ಲೊಬ್ಬ ಹೆಂಗಸು ಯಾರೋ ಎಸೆದ ಹಳೆಯ ಕಂಪ್ಯೂಟರಿನಲ್ಲಿ, ಕಾಲರು ಕಫ್ಫುಗಳ ಸುಕ್ಕು ತೆಗೆಯುತ್ತಲೇ ನಡೆಸುತ್ತಿದ್ದಾರೆ. ಜಾಹೀರಾತಿಲ್ಲ, ಲಾಭವಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಹೊಗಳಿದರೆ ಕೈ ಆಡಿಸಿಬಿಡುತ್ತಾರೆ. "ಅಯ್ಯೋ, ಅದೇನ್ ಮಹಾ! ಅಂಗಳ ಗುಡಿಸಿದ ಹಾಗೆ. ದಿನಾ ಸ್ವಲ್ಪ ನೋಡ್ಕೊಂಡ್ರೆ ಆಯ್ತು."

ಹೊತ್ತು ಏರುವಷ್ಟರಲ್ಲಿ ಅಕ್ಕ ಬರುತ್ತಾರೆ. ಅಕ್ಕ ಎಂದರೆ ಚಿಕ್ಕಮ್ಮನ ಒಡಹುಟ್ಟಿದ ಅಕ್ಕ. ತಾಯಿ ತೀರಿಕೊಂಡಾಗ ಇನ್ನೂ ಹಾಲುಹಲ್ಲು ಬಿದ್ದಿರದ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಸಾಕಿದವರು, ಕೈಹಿಡಿದು ಇಸ್ತ್ರಿ ಕಲಿಸಿದವರು. ಅಕ್ಕನ ಮಗಳು ಇವರನ್ನು ಚಿಕ್ಕಮ್ಮ ಎಂದು ಕರೆದದ್ದೇ ತಡ, ಇಡೀ ಬೀದಿಗೇ ಇವರು ಚಿಕ್ಕಮ್ಮನಾದರು. ಅಂಗಡಿ ಹತ್ತಡಿ ಅಗಲವಿದ್ದೀತು. ಎರಡು ಮೇಜು, ಬೆನ್ನಿಗೆ ಬೆನ್ನು. ಅಕ್ಕನದು ಇದ್ದಿಲಿನ ಪೆಟ್ಟಿಗೆ, ತಂಗಿಯದು ಕರೆಂಟಿನದು. ಇಷ್ಟು ಹತ್ತಿರ ನಿಂತು ದುಡಿಯುವ ಇಬ್ಬರ ನಡುವೆ ನಾಲ್ಕು ತಿಂಗಳಿಂದ ಮಾತಿಲ್ಲ. ಶಾಲೆಮಕ್ಕಳ ಹಾಗೆ ಠೂ ಬಿಟ್ಟುಕೊಂಡಿದ್ದಾರೆ!

ಹಾಗಂತ ವ್ಯಾಪಾರ ನಿಲ್ಲುತ್ತದೆಯೇ? ಹಾಲಿನವನು ಬಾಗಿಲಲ್ಲಿ ತಲೆ ಹಾಕಿದರೆ ಸಾಕು, ಅಕ್ಕ ಶುರು ಮಾಡುತ್ತಾರೆ. "ಆ ಕಡೆಯವರಿಗೆ ಹೇಳಪ್ಪ, ಡಾಕ್ಟರ ಮನೆ ಬೆಡ್‌ಶೀಟು ಮೊದಲು ಮುಗೀಬೇಕಂತೆ."

"ಮುಗ್ದು ಮೂಲೇಲಿ ಕೂತಿದೆ, ಕಣ್ಣಿದ್ದವರು ನೋಡ್ಕೊಬಹುದು ಅಂತ ಹೇಳಪ್ಪ," ಎನ್ನುತ್ತಾರೆ ಚಿಕ್ಕಮ್ಮ.

ಹಾಲಿನವನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಲೆಯಾಡಿಸಿ ಸೈಕಲ್ ಹತ್ತುತ್ತಾನೆ. ಅವನಿಗೆ ಅಭ್ಯಾಸವಾಗಿದೆ. ಈ ಬೆಳಗ್ಗೆ ಮಾತಾಡಿಸಲು ಬಂದ ಪತ್ರಿಕೆಯವರ ಪಾಲಿಗೂ ಆ ಉದ್ಯೋಗ ಬಂದಿದೆ. ಮಾತು ನಿಂತದ್ದಕ್ಕೂ ಹಲಗೆಯ ಮೇಲಿನ ಡಬ್ಬಿಗೂ ಸಂಬಂಧವುಂಟು. ಆದರೆ ಮೊದಲು ಡಬ್ಬಿ ಬಂದ ಕತೆ.

ಒಂದು ಕಾಲದಲ್ಲಿ ಇವರೆಲ್ಲ ಎಲ್ಲರಂತೆ ಪುಕ್ಕಟೆ ಸಿಗುವ ದೊಡ್ಡ ತಾಣದಲ್ಲೇ ಗುಂಪು ಕಟ್ಟಿಕೊಂಡಿದ್ದವರು. ಎದುರಿನ ಬೇಕರಿಯ ಹೆಂಗಸು ಗಂಡನ ಕಾಯಿಲೆಯ ಬಗ್ಗೆ ಅಲ್ಲಿ ಒಬ್ಬ ಗೆಳತಿಗೆ ಎರಡು ಸಾಲು ಬರೆದರು. ಮಾರನೆಯ ದಿನದಿಂದ ಅವರ ಫೋನು ತೆರೆದರೆ ಅದೇ ಕಾಯಿಲೆಯ ಮಾತ್ರೆ, ಪುಡಿ, ಆಸ್ಪತ್ರೆಗಳ ಜಾಹೀರಾತು.

"ಬಟ್ಟೆ ಕೊಡೋಕೆ ಬಂದವಳು ಇಲ್ಲೇ ನಿಂತು ಅತ್ತುಬಿಟ್ಲು," ಎಂದು ನೆನೆಯುತ್ತಾರೆ ಚಿಕ್ಕಮ್ಮ. "ನಾನು ಒಬ್ಬಳಿಗೇ ಹೇಳಿದ್ದು ಚಿಕ್ಕಮ್ಮ, ಊರಿನ ಅಂಗಡಿಯವರಿಗೆಲ್ಲ ಹೇಗೆ ಗೊತ್ತಾಯ್ತು ಅಂತಾಳೆ. ನನಗೆ ಮೈಯೆಲ್ಲ ಉರಿದುಹೋಯ್ತು. ನಮ್ಮ ಕೆಲಸದಲ್ಲಿ ಒಂದು ನೇಮ ಇದೆ. ಜೇಬಲ್ಲಿ ಚೀಟಿ ಸಿಕ್ಕಿದ್ರೆ ಮಡಚಿದ್ದನ್ನ ಮಡಚಿದ ಹಾಗೇ ವಾಪಸ್ ಕೊಡಬೇಕು. ಚಿಕ್ಕವಳಿದ್ದಾಗ ನಮ್ಮಕ್ಕನೇ ಹೇಳಿಕೊಟ್ಟಿದ್ದು. ಓದಿದ್ರೆ ಬೆರಳು ಸುಡುತ್ತೆ ನೋಡು ಅಂತ ಹೆದರಿಸೋಳು."

ಹಿಂದಿನ ಮೇಜಿನಲ್ಲಿ ಇದ್ದಿಲಿನ ಪೆಟ್ಟಿಗೆ ಒಂದು ಕ್ಷಣ ನಿಂತು ಮತ್ತೆ ಓಡುತ್ತದೆ.

ಕಂಪ್ಯೂಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಇವರ ಗಿರಾಕಿ. ನಮ್ಮದೇ ಒಂದು ಜಾಗ ಮಾಡಿಕೊಳ್ಳಲು ಬರುತ್ತದೆಯೇ ಎಂದು ಕೇಳಿದಾಗ ಅವರು ನಗಲಿಲ್ಲ. ಮೂಲೆ ಸೇರಿದ್ದ ಒಂದು ಯಂತ್ರ ತಂದುಕೊಟ್ಟರು. ಮೊದಲು ಹಾಕಿದ ತಂತ್ರಾಂಶ ತುಂಬ ಭಾರದ್ದು. ಬಡಪಾಯಿ ಯಂತ್ರ ಏದುಸಿರು ಬಿಟ್ಟು ಕೂತುಬಿಟ್ಟಿತು. ಆಮೇಲೆ ಹುಡುಕಿ ಹುಡುಕಿ ತೀರ ಹಗುರವಾದದ್ದನ್ನು ಹಾಕಿದರು. ಅದಕ್ಕೆ ಥಳಕುಬಳುಕಿಲ್ಲ. ಬರೆದದ್ದನ್ನು ಇಟ್ಟುಕೊಳ್ಳುತ್ತದೆ, ಕೇಳಿದವರಿಗೆ ತೋರಿಸುತ್ತದೆ, ದೂರದ ಊರುಗಳಲ್ಲಿ ಇಂಥವೇ ಡಬ್ಬಿ ಇಟ್ಟುಕೊಂಡವರ ಜೊತೆ ಮಾತಾಡುತ್ತದೆ, ಅಷ್ಟೆ. "ಮನೆ ಚಿಕ್ಕದಿದ್ರೆ ಮಂಚಾನೂ ಚಿಕ್ಕದೇ ತರಬೇಕಲ್ವಾ?" ಎನ್ನುತ್ತಾರೆ ಚಿಕ್ಕಮ್ಮ.

ಕಲಿಯುವಾಗ ಎಡವದೆ ಇರಲಿಲ್ಲ. ಡಬ್ಬಿಯನ್ನು ಯಾರ ಕಣ್ಣಿಗೂ ಬೀಳದಿರಲೆಂದು ಮೊದಲು ಇಟ್ಟದ್ದು ಎಲ್ಲಿ ಅಂತೀರಿ? ಇಸ್ತ್ರಿ ಮೇಜಿನ ಕೆಳಗೆ! ಮೇಲಿಂದ ಪೆಟ್ಟಿಗೆಯ ಕಾವು, ಕೆಳಗೆ ಚಿಮುಕಿಸಿದ ನೀರು. ವಾರ ತುಂಬುವುದರೊಳಗೆ ಜಗಲಿ ಕಣ್ಣುಮುಚ್ಚಿತು. ಫೋನಿನಲ್ಲಿ ಹರಟೆ ಇಲ್ಲವಾದೊಡನೆ ಸದಸ್ಯರೆಲ್ಲ ಒಬ್ಬೊಬ್ಬರಾಗಿ ಅಂಗಡಿಗೇ ಬಂದರು. ಬಟ್ಟೆಗಂಟುಗಳ ಮೇಲೆ ಕೂತು, ನಿನ್ನೆ ಅರ್ಧಕ್ಕೆ ನಿಂತಿದ್ದ ಜಗಳವನ್ನು ಅಲ್ಲೇ ಮುಂದುವರಿಸಿದರು. ರಿಪೇರಿಯ ಹಿರಿಯರು ಡಬ್ಬಿಗೆ ಜೀವ ತುಂಬಿ ಹಲಗೆಯ ಮೇಲೆ ಕೂರಿಸಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಕೂರಲು ಜಾಗವಿಲ್ಲದೆ ಎರಡು ದಿನ ನಿಂತೇ ಇದ್ದ ಅಕ್ಕ.

ಈಗ ಹೊಸಬರು ಸೇರಬೇಕಾದರೆ ಅಂಗಡಿಗೆ ಬಂದೋ ಫೋನಿನಲ್ಲೋ ಒಮ್ಮೆ ಚಿಕ್ಕಮ್ಮನ ಜೊತೆ ಬಾಯಿಬಿಟ್ಟು ಮಾತಾಡಬೇಕು. ಫೋಟೊ ಹಾಕಬೇಕಾದರೆ ಕುಗ್ಗಿಸಿ ಹಾಕಬೇಕು, ಇಲ್ಲವಾದರೆ ಡಬ್ಬಿ ತುಂಬುತ್ತದೆ. ಜಗಳ ಅತಿಯಾದರೆ ಇಬ್ಬರಿಗೂ ಚಿಕ್ಕಮ್ಮನ ಕರೆ ಹೋಗುತ್ತದೆ: "ಜಗಲಿ ಮೇಲೆ ಕೂತು ಏನು ಬೇಕಾದ್ರೂ ಮಾತಾಡಿ, ಉಗುಳಬೇಡಿ." ವಾರಕ್ಕೊಮ್ಮೆ ಎಲ್ಲದರ ನಕಲು ತೆಗೆದಿಡುತ್ತಾರೆ. ಕರೆಂಟು ಹೋದಾಗ ತಮ್ಮ ಇಸ್ತ್ರಿ ನಿಂತರೂ ಜಗಲಿ ನಿಲ್ಲದಂತೆ ಒಂದು ಬ್ಯಾಟರಿ ಇಟ್ಟಿದ್ದಾರೆ.

ಕಷ್ಟದ ಕೆಲಸ ಇವು ಯಾವುವೂ ಅಲ್ಲ. ಒಬ್ಬರು ಇನ್ನೊಬ್ಬರಿಗೆ ಮಾತ್ರವೆಂದು ಬರೆದ ಗುಟ್ಟಿನ ಮಾತೂ ಈ ಡಬ್ಬಿಯಲ್ಲೇ ಇರುತ್ತದೆ. ಬೀದಿಯವರ ಕಣ್ಣಿಗೆ ಬೀಳದ ಆ ಮಾತನ್ನು ಡಬ್ಬಿಯ ಒಡತಿ ಮನಸ್ಸು ಮಾಡಿದರೆ ಓದಬಹುದು. ಸೇರುವಾಗಲೇ ಚಿಕ್ಕಮ್ಮ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ನೋಡೋಕೆ ಆಗುತ್ತೆ. ನೋಡಲ್ಲ. ನಂಬಿಕೆ ಇದ್ರೆ ಬನ್ನಿ." ಮಾಡಿದ ಕೆಲಸಕ್ಕೆ ಹೊಗಳಿಕೆ ಸಿಕ್ಕೀತು, ಮಾಡದೆ ಬಿಟ್ಟ ಕೆಲಸವನ್ನು ಯಾರು ಕಂಡಾರು? ಈ ಹೆಂಗಸಿನ ದೊಡ್ಡತನ ಇರುವುದು ಅಲ್ಲಿಯೇ, ಮತ್ತು ಅದಕ್ಕೆ ತೆತ್ತ ಬೆಲೆ ಬೆನ್ನ ಹಿಂದೆಯೇ ನಿಂತು ಬಟ್ಟೆ ಉಜ್ಜುತ್ತಿದೆ.

ಅಕ್ಕನಿಗೆ ಒಬ್ಬಳೇ ಮಗಳು. ಅಂಗಡಿಯಲ್ಲಿ ಮೂರನೆಯ ಮೇಜು ಹಾಕಿಕೊಡುತ್ತೇನೆಂದು ಅಕ್ಕ, ಲಾರಿ ಓಡಿಸುವುದು ಕಲಿಯುತ್ತೇನೆಂದು ಮಗಳು. ಮಾತಿಗೆ ಮಾತು ಬೆಳೆದು, "ಹೊಸಿಲು ದಾಟಿದ್ರೆ ಮತ್ತೆ ಈ ಮನೆಗೆ ಕಾಲಿಡಬೇಡ," ಎಂದು ಅಕ್ಕನ ಬಾಯಿಂದ ಬಂದೇಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳೂ ತಾಯಿಗೆ ತಕ್ಕ ಮಗಳೇ; ಬೆಳಗಾಗುವಷ್ಟರಲ್ಲಿ ಚೀಲ ಹೆಗಲಿಗೇರಿಸಿ ಹೊರಟಳು. ಫೋನ್ ನಂಬರೂ ಬದಲಾಯಿತು. ಜಗಲಿಯಲ್ಲಿನ ಅವಳ ಹೆಸರು, ಅಂದರೆ ಖಾತೆ, ಮಾತ್ರ ಹಾಗೇ ಉಳಿಯಿತು. ಬೇಕರಿಯ ಹೆಂಗಸಿನ ಮಗಳು ಇವಳ ಗೆಳತಿ. ಅವಳೇ ಒಂದು ದಿನ ಬಾಯಿಬಿಟ್ಟಳು: "ನನಗೆ ಗುಟ್ಟಾಗಿ ಜಗಲೀಲಿ ಬರೀತಾಳೆ. ಹೆಚ್ಚು ಕೇಳಬೇಡಿ, ಆಣೆ ಹಾಕಿಸ್ಕೊಂಡಿದ್ದಾಳೆ."

ಅಷ್ಟು ಸಾಕಾಯಿತು. ಅಕ್ಕ ತಂಗಿಯ ಕೈ ಹಿಡಿದುಕೊಂಡರು. "ಲೇ, ಒಂದೇ ಒಂದು ಸಲ ನೋಡೇ. ಎಲ್ಲಿದ್ದಾಳೆ, ಹೇಗಿದ್ದಾಳೆ ಅಂತ. ನಿನ್ನ ಡಬ್ಬೀಲೇ ಇದೆ."

"ಡಬ್ಬಿ ನಂದು ಅಕ್ಕ. ಮಾತು ಅವಳದ್ದು."

"ನಾನು ಹೆತ್ತವಳು ಕಣೇ!"

"ಗೊತ್ತು."

"ನಿನ್ನ ಸಾಕಿದವಳೂ ನಾನೇ."

ಚಿಕ್ಕಮ್ಮ ತಲೆ ತಗ್ಗಿಸಿ ನಿಂತರು, ಆದರೆ ಡಬ್ಬಿಯ ಕಡೆ ಹೆಜ್ಜೆ ಇಡಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅಕ್ಕ ಇಸ್ತ್ರಿ ಪೆಟ್ಟಿಗೆ ಕುಕ್ಕಿದರು. ಅಂದಿನಿಂದ ನೇರವಾಗಿ ಒಂದು ಮಾತೂ ಇಲ್ಲ. ಚಿಕ್ಕಮ್ಮ ಹುಡುಗಿಗೆ ಜಗಲಿಯಲ್ಲಿ ಒಂದು ಸಾಲು ಬರೆದರು: ಅಮ್ಮ ಕೇಳುತ್ತಿದ್ದಾಳೆ, ನಾನು ನೋಡಿಲ್ಲ, ನೋಡುವುದೂ ಇಲ್ಲ, ನೀನೇ ಏನಾದರೂ ಹೇಳು. ಬಂದ ಉತ್ತರ ಒಂದೇ ಪದ, ಚೆನ್ನಾಗಿದ್ದೀನಿ. ಅದನ್ನು ಹಾಲಿನವನ ಬಾಯಲ್ಲಿ ಹೇಳಿಸಿದಾಗ ಅಕ್ಕ ತಿರುಗಿ ಸಹ ನೋಡಲಿಲ್ಲ.

"ಒಂದು ಸಲವೂ ನೋಡಬೇಕು ಅನ್ನಿಸಲಿಲ್ಲವೇ?" ಎಂಬ ಪ್ರಶ್ನೆಗೆ ಚಿಕ್ಕಮ್ಮ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ.

"ಸುಳ್ಳು ಯಾಕೆ ಹೇಳ್ಲಿ? ಅಕ್ಕ ಸರಿಯಾಗಿ ಊಟ ಮಾಡೋದೇ ಬಿಟ್ಟಿದ್ಲು. ನನಗೆ ಕರುಳು ಕಿತ್ತು ಬಂತು. ಒಂದು ಮಧ್ಯಾಹ್ನ ಕೂತೆ. ಡಬ್ಬಿಗೆ ಒಂದು ಸಾಲು ಅಪ್ಪಣೆ ಬರೆದು ಗುಂಡಿ ಒತ್ತಿದ್ರೆ ಅವಳ ಮಾತೆಲ್ಲ ಬಂದು ಮುಂದೆ ನಿಲ್ಲುತ್ತೆ. ಅರ್ಧ ಸಾಲು ಬರೆದೂ ಬಿಟ್ಟೆ." ಧ್ವನಿ ತಗ್ಗುತ್ತದೆ. ಆದರೆ ಹತ್ತಡಿ ಅಂಗಡಿಯಲ್ಲಿ ತಗ್ಗಿದ ಧ್ವನಿ ಎಷ್ಟು ದೂರ ಹೋಗಬೇಕು? "ಆಗ ಅನ್ನಿಸ್ತು. ಹುಡುಗಿ ಎಲ್ಲ ಬಾಗಿಲೂ ಹಾಕ್ಕೊಂಡು ಹೋದ್ಲು. ಇದೊಂದನ್ನ ಯಾಕೆ ತೆಗೆದಿಟ್ಟಿದ್ದಾಳೆ? ಚಿಕ್ಕಮ್ಮ ಇಣುಕಲ್ಲ ಅನ್ನೋ ಧೈರ್ಯ. ನಾನು ಇಣುಕಿದ್ರೆ ಒಂದಲ್ಲ ಒಂದು ದಿನ ಗೊತ್ತಾಗುತ್ತೆ, ಇದನ್ನೂ ಹಾಕ್ಕೊಂಡು ಹೋಗ್ತಾಳೆ. ಆಮೇಲೆ ನಮ್ಮಕ್ಕ ಯಾವ ಬಾಗಿಲು ತಟ್ಟಬೇಕು ಹೇಳಿ? ಬರೆದಿದ್ದನ್ನ ಅಳಿಸಿದೆ. ಅಕ್ಕ ನನ್ನ ಜೊತೆ ಮಾತಾಡದೆ ಇದ್ರೂ ಚಿಂತೆಯಿಲ್ಲ. ತಟ್ಟೋಕೆ ಅಂತ ಅವಳಿಗೆ ಒಂದು ಬಾಗಿಲು ಇರಲಿ."

ಹಿಂದಿನ ಮೇಜಿನಲ್ಲಿ ಅಕ್ಕ ಇದ್ದಿಲಿನ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಪತ್ರಿಕೆಯವರ ಕಡೆ ತಿರುಗುತ್ತಾರೆ. ಕಣ್ಣು ಕೆಂಪಾಗಿದೆ.

"ಅವಳಿಗೆ ಹೇಳಿ, ಆ ಜಗಲೀಲಿ ನನಗೂ ಒಂದು ಹೆಸರು ಮಾಡಿಕೊಡಬೇಕಂತೆ."

ಚಿಕ್ಕಮ್ಮ ಕೈ ಚಾಚುತ್ತಾರೆ. ಅಕ್ಕನ ಫೋನು ತಂಗಿಯ ಕೈಗೆ ಹೋಗಿ, ಹೆಸರು ಮಾಡಿಸಿಕೊಂಡು ವಾಪಸ್ ಬರುತ್ತದೆ. ಸದಸ್ಯರಿಗೆಲ್ಲ ಹೇಳುವ ಮಾತನ್ನು ಒಡಹುಟ್ಟಿದವಳಿಗೂ ಬಿಡದೆ ಹೇಳುತ್ತಾರೆ: "ನೋಡೋಕೆ ಆಗುತ್ತೆ, ನೋಡಲ್ಲ ಅಂತ ಹೇಳಿ ಅವರಿಗೆ."

"ನೋಡಿದ್ರೆ ಬೆರಳು ಮುರೀತೀನಿ ಅಂತ ಹೇಳಿ," ಎನ್ನುತ್ತಾರೆ ಅಕ್ಕ.

ಆಮೇಲೆ ಅಕ್ಕ ಬಟ್ಟೆಗಂಟುಗಳ ಹಿಂದೆ ಕೂತು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆಯುತ್ತಾರೆ; ಬರೆದು ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಇದ್ದಿಲು ಬೂದಿಯಾಗುತ್ತಿದೆ. ಯಾರಿಗೆ ಬರೆಯುತ್ತಿದ್ದಾರೆಂದು ಕೇಳುವ ಅಗತ್ಯ ಯಾರಿಗೂ ಇಲ್ಲ. ಕಳಿಸಿದ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೈ ಕಟ್ಟಿ ಕೂರುತ್ತಾರೆ. ಚಿಕ್ಕಮ್ಮ ಆ ಕಡೆ ತಿರುಗುವುದಿಲ್ಲ. ಅಕ್ಕನ ಪಾಲಿನ ಯೂನಿಫಾರಂ ರಾಶಿಯನ್ನೂ ತಮ್ಮ ಮೇಜಿಗೆ ಎಳೆದುಕೊಂಡು ಉಜ್ಜುತ್ತಾರೆ.

ರಾಶಿ ಅರ್ಧ ಕರಗಿರುವಾಗ ಫೋನು ಟಿಣ್ ಎನ್ನುತ್ತದೆ. ಅಕ್ಕ ಓದುತ್ತಾರೆ. ಇನ್ನೊಮ್ಮೆ ಓದುತ್ತಾರೆ. ನಗುವೋ ಅಳುವೋ ತಿಳಿಯದ ಒಂದು ಸದ್ದು ಅವರ ಬಾಯಿಂದ ಹೊರಡುತ್ತದೆ. ಕೈಯ ಹಿಂಬದಿಯಿಂದ ಕೆನ್ನೆ ಒರೆಸಿಕೊಂಡು ಎದ್ದು ಬಂದು, ನಡುವೆ ಯಾರನ್ನೂ ಇಟ್ಟುಕೊಳ್ಳದೆ, ತಂಗಿಯ ಮುಂದೆಯೇ ನಿಲ್ಲುತ್ತಾರೆ.

"ಏನು ಬರೆದಿದ್ದಾಳೆ ಅಂತ ಕೇಳಲ್ವೇನೇ?"

ಚಿಕ್ಕಮ್ಮ ಪೆಟ್ಟಿಗೆಯ ಸ್ವಿಚ್ಚು ಆರಿಸುತ್ತಾರೆ.

"ನೀನು ಹೇಳಿದ್ರೆ ಕೇಳ್ತೀನಿ ಅಕ್ಕ."