ತಳ ಕಾಣದ ಕರಿಕಲ್ಲು

ಹೇರು ಹೊತ್ತವನು ನಡುದಾರಿಯಲ್ಲಿ ಇಳಿಸಬಾರದು. ಮುಂಡಗೋಡ ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದ ಗಂಗಾರಾಮನಿಗೆ ತಾಯಿಹಾಲಿನ ಜೊತೆಗೇ ಕುಡಿಸಿದ ಮಾತಿದು. ಅವನ ಅಜ್ಜ ಎತ್ತಿನ ಬೆನ್ನಿಗೆ ಉಪ್ಪು ಹೇರಿಕೊಂಡು ಅನಮೋಡ ಘಟ್ಟ ಹತ್ತಿದವನು. ರೈಲು ಬಂತು, ಎತ್ತುಗಳು ಹೋದವು, ಆ ಮಾತೊಂದು ಉಳಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಗುವವರು ನಗಲಿ.

ಮಹಾಯುದ್ಧ ಶುರುವಾಗಿ ಮ್ಯಾಂಗನೀಸ್ ಅದಿರಿಗೆ ಬೇಡಿಕೆ ಬಂದಾಗ ಅವನು ಹೆಂಡತಿ ದ್ವಾರಕಾಬಾಯಿಯೊಡನೆ ಜೋಯಿಡಾ ಕಾಡಿನ ಗಣಿಗೆ ಬಂದ. ಅವನು ಕುಣಿಗಿಳಿದು ಹಾರೆಯಿಂದ ಅದಿರಿನ ಕರಿಕಲ್ಲು ಕೀಳುವುದು, ಅವಳು ಸುತ್ತಿಗೆಯಿಂದ ಒಡೆದು ಹಸನು ಮಾಡುವುದು. ಆಳುಗಳ ಮುಕಾದಮ ನಾಗಲಿಂಗಪ್ಪ ಮೊದಲ ದಿನವೇ ಕೇಳಿದ್ದ, "ನಡುವ ಬಿಟ್ಟು ಓಡಿ ಹೋಗಾವ ಅಲ್ಲಲ್ಲ?"

"ಈ ಕುಣಿ ಬರಿದಾಗೂ ತನಕ ಹೋಗೂದಿಲ್ರಿ," ಎಂದು ಗಂಗಾರಾಮ ಕೈಮೇಲೆ ಕೈ ಹಾಕಿ ಭಾಷೆ ಕೊಟ್ಟ. ಕುಣಿಯೂ ಒಂದು ಹೇರೆಂದೇ ಅವನು ತಿಳಿದಿದ್ದ. ಎಷ್ಟೇ ಭಾರವಿರಲಿ, ಒಂದು ದಿನ ತೀರಲೇಬೇಕು.

ತೀರಲಿಲ್ಲ. ಎರಡನೆಯ ಮಳೆಗಾಲ ಕಳೆಯುತ್ತಲೇ ದ್ವಾರಕಾಬಾಯಿಗೆ ಚಳಿಜ್ವರ ಹಿಡಿಯಿತು. ಬಿಟ್ಟಿತು, ಮತ್ತೆ ಹಿಡಿಯಿತು.

"ಈ ಕಾಡಿನಾಗ ನಾ ಉಳಿಯೂದಿಲ್ಲ. ತಾಂಡಾಕ ಕರಕೊಂಡು ಹೋಗ್ರಿ," ಎಂದಳು.

"ಇನ್ನ ಸ್ವಲ್ಪ ಉಳದೈತಿ," ಎಂದ.

ಅವಳು ಕಡ್ಡಿಯಾಗುತ್ತ ಬಂದಳು. ಅವನು ದಿನವೂ ಅದೇ ಮಾತು ಹೇಳಿದ. ಇಂಥ ಮೊಂಡನನ್ನು ಏನೆಂದು ಬೈಯುವುದು? ಬೇಗ ಮುಗಿಸಿ ಅವಳನ್ನು ಉಳಿಸಿಕೊಳ್ಳಬೇಕೆಂದು ಜೀವ ತೇಯ್ದು ಅಗೆಯುತ್ತಿದ್ದವನೂ ಅವನೇ.

ಒಂದು ಬೆಳಿಗ್ಗೆ ಕರಿಯ ಪದರು ತೆಳ್ಳಗಾಗಿ ನಿಂತೇಹೋಯಿತು. ಮುಂದೆ ಬರೀ ಹಸಿರು ಬಣ್ಣದ ಕಲ್ಲು. ಗಂಗಾರಾಮನ ಕಣ್ಣಲ್ಲಿ ನೀರು ಬಂತು. ಕಲ್ಲು ಪರೀಕ್ಷೆಗೆಂದು ಧಾರವಾಡದಿಂದ ಬಂದಿದ್ದ ಚನಬಸಪ್ಪನವರು ಕುಣಿಗಿಳಿದರು.

"ಮುಗೀತಲ್ರಿ ಸಾಹೇಬ್ರ?"

"ಎಲ್ಲಿ ಮುಗೀತೋ!" ಅವರಿಗೆ ಭಾರಿ ಹುರುಪು. "ಈ ಹಸರ ಕಲ್ಲು ಕೋಟಿಗಟ್ಟಲೆ ವರ್ಷದ ಹಿಂದ ಸಮುದ್ರದ ತಳದಾಗ ಬೆಂಕಿಯಾಗಿ ಉಕ್ಕಿದ್ದು. ಅದರ ಕಾವಿಗೆ ನೀರು ಕುದ್ದು, ಕಲ್ಲಿನೊಳಗಿನ ಲೋಹ ಕರಗಿಸಿಕೊಂಡು ಮ್ಯಾಲ ಬಂತು. ತಣ್ಣೀರು ತಾಗಿದಲ್ಲಿ ಇಳಿಸಿಬಿಟ್ಟಿತು. ಹಂಗ ಪದರಾತು ನಿನ್ನ ಕರಿಕಲ್ಲು. ಆಮ್ಯಾಲ ನೆಲ ಒತ್ತಿ ಕಂಬಳಿಗತೆ ಮಡಚೇತಿ. ಇಲ್ಲಿ ಅಡಗಿದ್ದು ಅಲ್ಲಿ ಏಳತೈತಿ. ಆ ಗೋಡಿ ಅಗಿ, ನಿನ್ನ ಮೊಮ್ಮಕ್ಕಳಿಗೂ ಸಾಕಾಗತೈತಿ."

ಸಂಜೆಯೊಳಗೆ ಗೋಡೆಯಾಚೆ ಕರಿಕಲ್ಲು ಸಿಕ್ಕೇ ಸಿಕ್ಕಿತು. ಗಂಗಾರಾಮ ಅದನ್ನು ನೋಡುತ್ತ ಕುಕ್ಕರುಗಾಲಲ್ಲಿ ಕೂತ. ಬೆಂಕಿ ಹೇರಿದ್ದನ್ನು ಮನುಷ್ಯ ಇಳಿಸಿ ಮುಗಿಸುವುದುಂಟೆ? ಇಷ್ಟು ದಿನ ತಾನು ಯಾವುದಕ್ಕೆ ಭಾಷೆ ಕೊಟ್ಟು ಕೂತಿದ್ದೆ ಎಂದುಕೊಂಡಾಗ ಅವನಿಗೆ ಏಳಲಾರದಷ್ಟು ದಣಿವಾಯಿತು.

ಮರುದಿನ ಬೆಳಕು ಹರಿಯುತ್ತಲೇ ಹೆಂಡತಿಯನ್ನು ಎಬ್ಬಿಸಿದ. "ಏಳು. ಕುಣಿ ಬರಿದಾತು," ಎಂದ. ಅದು ಅವನು ತಿಳಿದೂ ತಿಳಿದು ಆಡಿದ ಮೊದಲ ಸುಳ್ಳು.

ಗಂಟು ಕಟ್ಟಿ ದಾಂಡೇಲಿಯ ದಾರಿ ಹಿಡಿದರು. ಅವಳು ಅವನ ಹೆಗಲು ಹಿಡಿದು ಹೆಜ್ಜೆ ಕಿತ್ತಿಡುತ್ತಿದ್ದಳು. ಅಷ್ಟರಲ್ಲಿ ಹಿಂದೆ ಕುಣಿಯಲ್ಲಿ ಹಾರೆಗಳ ಸಪ್ಪಳ ಶುರುವಾಯಿತು. ದ್ವಾರಕಾಬಾಯಿ ನಿಂತು ಕಿವಿಗೊಟ್ಟಳು. ಬರಿದಾದ ಕುಣಿಯಲ್ಲಿ ಇದೇನು ಸಪ್ಪಳ ಎಂದು ಈಗ ಕೇಳಿಯೇ ಕೇಳುತ್ತಾಳೆಂದು ಅವನು ನಾಚಿ ತಲೆ ತಗ್ಗಿಸಿದ.

"ಜಲ್ದಿ ನಡೀರಿ," ಎಂದಳು ಅವಳು. "ಹಿಂದಿಂದ ಯಾರಾರ ಕರದಾರು."